ತತ್ವಶಾಸ್ತ್ರದ ನಾಲ್ಕನೆಯ ಸಾಲು

ರೆಕಾರ್ಡಕ್ಕ ಹೋಗಿ ಐದು ತಿಂಗಳಾಯಿತು. ಕಾಲೇಜಿನ ಹಳೆಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿದ್ದ ಅವಳ ರೆಕಾರ್ಡು ಕೋಣೆಗೆ ಈಗ ಬೇರೆ ಬೀಗ ಬಂದಿದೆ. ಅವಳಿಗೊಂದು ಹೆಸರಿತ್ತು, ಆದರೆ ಅದು ಹಾಜರಿ ಪುಸ್ತಕದಿಂದ ಆಚೆಗೆ ಬಂದದ್ದೇ ಕಡಿಮೆ. ಮೂವತ್ತೊಂದು ವರ್ಷ ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಅವಳು ರೆಕಾರ್ಡಕ್ಕನೇ. ಕನ್ನಡಕದಂಗಡಿಯಲ್ಲಿ ಗಾಜು ತಿಕ್ಕುವ ಅವಳ ತಮ್ಮ ಕೂಡ ಮನೆಯಲ್ಲಿ ಹಾಗೇ ಕರೆಯುತ್ತಿದ್ದ. ಶೋಕಸಭೆಯಲ್ಲಿ ಅವಳ ಬಗ್ಗೆ ಎಂಟು ಜನ ಮಾತಾಡಿದರು. ಎಂಟೂ ಜನ ಹೇಳಿದ್ದು ನಿಜವೇ. ಆದರೆ ಅವಳ ಬದುಕಿನ ದೊಡ್ಡ ಸಂಗತಿಯನ್ನು ಒಬ್ಬರೂ ಹೇಳಲಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮೇಲಿನ ಮಹಡಿಯ ಲೈಬ್ರರಿಯವಳಿಗೆ ಮಾತ್ರ. ಅವಳು ರೆಕಾರ್ಡಕ್ಕನಿಗೆ ಇಪ್ಪತ್ತಾರು ವರ್ಷದ ಗೆಳತಿ, ದಿನಾ ನಾಲ್ಕು ಗಂಟೆಯ ಚಹಾದ ಜೊತೆಗಾತಿ. ಆ ದಿನ ಅವಳಿಗೆ ಮಾತು ಹೊರಡಲಿಲ್ಲ.

ಅದು ಲಿಬರಲ್ ಆರ್ಟ್ಸ್ ಕಾಲೇಜು. ಮೊದಲ ಎರಡು ವರ್ಷ ಅಲ್ಲಿ ಯಾರೂ ಯಾವ ವಿಷಯಕ್ಕೂ ಅಂಟಿಕೊಳ್ಳಬೇಕಾಗಿಲ್ಲ. ಬೆಳಿಗ್ಗೆ ಖಗೋಳಶಾಸ್ತ್ರ, ಮಧ್ಯಾಹ್ನ ನಾಟಕ, ನಡುವೆ ಸಂಖ್ಯಾಶಾಸ್ತ್ರ, ಹೀಗೆ ಎಲ್ಲದರ ರುಚಿ ನೋಡಿಕೊಂಡು ಅಲೆಯಬಹುದು. ಎರಡನೆಯ ವರ್ಷದ ಕೊನೆಯ ವಾರ ಮಾತ್ರ ಒಬ್ಬೊಬ್ಬರೂ ಮೆಟ್ಟಿಲ ಕೆಳಗಿನ ಕೋಣೆಗೆ ಬಂದು, ತಮ್ಮ ಮುಖ್ಯ ವಿಷಯ ಯಾವುದೆಂದು ಒಂದು ರಟ್ಟಿನ ಕಾರ್ಡಿನ ಮೇಲೆ ಬರೆದು ಸಹಿ ಮಾಡಬೇಕು. ಕಂಪ್ಯೂಟರ್ ಬಂದ ಮೇಲೂ ಕಾರ್ಡು ಹೋಗಲಿಲ್ಲ. ಕೈಯಾರೆ ಬರೆದದ್ದಕ್ಕೆ ಒಂದು ತೂಕವಿರುತ್ತದೆ ಎಂದು ಹಿಂದಿನವರು ಯಾರೋ ನಂಬಿದ್ದರು, ಅದನ್ನು ಕಿತ್ತುಹಾಕುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಕಾರ್ಡುಗಳೆಲ್ಲ ಗೋಡೆಯುದ್ದಕ್ಕೂ ನಿಂತ ಕಬ್ಬಿಣದ ಕಪಾಟುಗಳಲ್ಲಿ ವರ್ಷವಾರು ಸೇರುತ್ತಿದ್ದವು. ಬಾಗಿಲು ತೆಗೆದರೆ ಒಳಗಿನಿಂದ ತಣ್ಣನೆಯ, ಯಾರೋ ಈಗಷ್ಟೇ ಎದ್ದುಹೋದ ಕೋಣೆಯಂಥ ವಾಸನೆ ಬರುತ್ತಿತ್ತು.

ಸಹಿ ಹಾಕುವ ಹುಡುಗ ಹುಡುಗಿಯರ ಕೈಯನ್ನು ನೋಡಿ ನೋಡಿ ಅವಳಿಗೆ ಯಾವ ವಿಷಯದವರು ಎಂಥವರೆಂಬುದು ಬಾಯಿಪಾಠವಾಗಿತ್ತು. ಅರ್ಥಶಾಸ್ತ್ರಕ್ಕೆ ಯಾವಾಗಲೂ ನೂಕುನುಗ್ಗಲು. ಅದರ ಬೆನ್ನಿಗೇ ಮನಶ್ಶಾಸ್ತ್ರ, ಆಮೇಲೆ ಜೀವಶಾಸ್ತ್ರ, ಈಚೆಗೆ ಕಂಪ್ಯೂಟರ್ ವಿಜ್ಞಾನ. ಕಟ್ಟಕಡೆಗೆ ತತ್ವಶಾಸ್ತ್ರ, ಒಂದು ಬೆಂಚಿಗೆ ಸಾಕಾಗುವಷ್ಟು ಜನ.

“ಎಕನಾಮಿಕ್ಸ್ ತಗೊಳ್ಳೋರಲ್ಲಿ ಅರ್ಧ ಜನ ಅಪ್ಪನಿಗೋಸ್ಕರ ತಗೊಳ್ಳೋದು ಕಣೆ,” ಎಂದು ಅವಳು ಚಹಾ ಊದಿಕೊಳ್ಳುತ್ತಾ ಹೇಳುವಳು. “ಸೈಕಾಲಜಿ ತಗೊಳ್ಳೋರ ಮನೇಲಿ ಯಾರೋ ಒಬ್ರು ಮಾತು ಬಿಟ್ಟಿರ್ತಾರೆ. ಬಯಾಲಜಿಯೋರಿಗೆಲ್ಲ ಡಾಕ್ಟರಾಗೋ ಆಸೆ. ಮೂರನೇ ವರ್ಷ ಕೆಮಿಸ್ಟ್ರಿ ಬಂದು ಆ ಆಸೆಗೆ ಎಳ್ಳುನೀರು ಬಿಡುತ್ತೆ.”

“ಮತ್ತೆ ಫಿಲಾಸಫಿಯೋರು?”

“ಅವರು ಮನೇಲಿ ಇನ್ನೂ ಹೇಳಿರಲ್ಲ.”

ಅವಳಿಗೆ ಒಂದು ಅಭ್ಯಾಸವಿತ್ತು. ಹುಡುಗನೋ ಹುಡುಗಿಯೋ ಸಹಿ ಹಾಕಿ ಎದ್ದುಹೋದ ಮೇಲೆ, ಕಾರ್ಡು ತಿರುಗಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆಯುತ್ತಿದ್ದಳು. ಇವನು ಕೊನೆಗೆ ಎಲ್ಲಿಗೆ ಮುಟ್ಟುತ್ತಾನೆ ಎಂದು. ಮೊದಮೊದಲು ಅದು ತನ್ನಷ್ಟಕ್ಕೆ ತಾನು ಮಾಡಿಕೊಂಡ ತಮಾಷೆ. ಅವಳೂ ಒಂದು ಕಾಲದಲ್ಲಿ ಅಲ್ಲೇ ಓದಿದವಳು. ಮುಖ್ಯ ವಿಷಯ ಆರಿಸುವುದಕ್ಕೆ ಒಂದು ತಿಂಗಳಿದೆ ಎನ್ನುವಾಗ ತಂದೆಗೆ ಕಣ್ಣು ಹೋಯಿತು, ಓದು ಬಿಟ್ಟಳು, ಎರಡು ವರ್ಷದ ನಂತರ ಟೈಪಿಸ್ಟಾಗಿ ಅದೇ ಕಟ್ಟಡಕ್ಕೆ ಮರಳಿದಳು. ತನ್ನ ಕೈಗೆ ಬಾರದ ಆಯ್ಕೆಯನ್ನು ಬೇರೆಯವರು ಮಾಡುವುದನ್ನು ನೋಡುತ್ತಾ ಕೂರುವವಳಿಗೆ ಅಷ್ಟಾದರೂ ಆಟ ಬೇಕಲ್ಲವೇ ಎಂದು ಲೈಬ್ರರಿಯವಳು ಅಂದುಕೊಂಡಿದ್ದಳು. “ಅಕ್ಕಾ, ನನ್ನ ಬೆನ್ನ ಮೇಲೂ ಏನಾದ್ರೂ ಬರೆದಿದೀಯಾ?” ಎಂದು ತಮ್ಮ ಊಟಕ್ಕೆ ಕೂತಾಗ ಕೆಣಕುವನು. “ಬರೆದಿದೀನಿ. ತಟ್ಟೆ ತೊಳೀತಾನೆ ಅಂತ,” ಎನ್ನುವಳು ಅವಳು.

ಪದವಿ ಮುಗಿಸಿ ಆರು ತಿಂಗಳಾದ ಮೇಲೆ ಪ್ರತಿಯೊಬ್ಬರಿಗೂ ಕಾಲೇಜಿನಿಂದ ಒಂದು ಕಾಗದ ಹೋಗುತ್ತಿತ್ತು. ಈಗ ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ? ಉತ್ತರ ಬಾರದವರಿಗೆ ಮೂರು ಸಲ ಫೋನು. ಸಿಕ್ಕ ಉತ್ತರಗಳನ್ನು ವಿಷಯವಾರು ಜೋಡಿಸಿ ರೆಕಾರ್ಡಕ್ಕ ಒಂದು ಪುಸ್ತಿಕೆ ಮಾಡಿಸುತ್ತಿದ್ದಳು, ‘ಪದವಿಯ ನಂತರ’ ಎಂದು. ಅದರಲ್ಲಿ ಹೆಸರುಗಳಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಇತಿಹಾಸ ಓದಿದವರು ಕಾನೂನು ಕಾಲೇಜಿಗೆ. ಸಾಹಿತ್ಯ ಓದಿದವರು ಜಾಹೀರಾತು ಕಂಪನಿಗೆ, ಇಲ್ಲವೇ ಹೈಸ್ಕೂಲಿಗೆ. ಗಣಿತದವರು ವಿಮಾ ಕಂಪನಿಗೆ, ಒಬ್ಬಿಬ್ಬರು ಪಿಎಚ್.ಡಿ.ಗೆ. ಮಕ್ಕಳನ್ನು ಸೇರಿಸಲು ಬಂದ ತಂದೆತಾಯಂದಿರು ಆ ಪುಸ್ತಿಕೆಯನ್ನು ಬೆರಳಿಟ್ಟು ಓದುತ್ತಿದ್ದರು. ಉತ್ತರ ಸಿಗದವರ ಸಾಲಿನಲ್ಲಿ ‘ಗೊತ್ತಾಗಿಲ್ಲ’ ಎಂದಿರುತ್ತಿತ್ತು.

ಹೊಸ ಪ್ರಿನ್ಸಿಪಾಲರಿಗೆ ಆ ಪದ ಕಣ್ಣಿಗೆ ಚುಚ್ಚಿತು.

“ಇದು ಚೆನ್ನಾಗಿ ಕಾಣಲ್ಲಮ್ಮ. ಫಿಲಾಸಫೀಲಿ ನಾಲ್ಕೇ ಜನ. ಒಬ್ರು ಗೊತ್ತಾಗಿಲ್ಲ ಅಂದ್ರೆ, ನಮ್ಮಲ್ಲಿ ಫಿಲಾಸಫಿ ಓದಿದೋರಲ್ಲಿ ಕಾಲು ಭಾಗ ಜನ ಕಳೆದೇಹೋಗ್ತಾರೆ ಅನ್ನೋ ಹಾಗಿದೆ.”

“ಗೊತ್ತಾಗದೇ ಇರೋದನ್ನ ಏನಂತ ಬರೀಲಿ ಸರ್?”

“ಇಷ್ಟು ವರ್ಷದಿಂದ ಇದೀರಿ. ನಿಮಗೆ ಗೊತ್ತಾಗದೇ ಇರುತ್ತಾ?” ಎಂದು ನಕ್ಕು ಅವರು ಮೆಟ್ಟಿಲು ಹತ್ತಿಬಿಟ್ಟರು.

ಆ ವರ್ಷ ಉತ್ತರ ಸಿಗದವರು ಐದು ಜನ. ಅವಳು ಕಾರ್ಡು ತಿರುಗಿಸಿ, ಪೆನ್ಸಿಲಿನ ಐದು ಸಾಲುಗಳನ್ನು ಅಚ್ಚಿಗೆ ಕಳಿಸಿದಳು. ಯಾರಿಗೆ ತಿಳಿಯಬೇಕು? ಪುಸ್ತಿಕೆ ಹೊರಬಂದ ಎರಡು ವಾರಕ್ಕೆ, ತಡವಾಗಿ ಒಂದು ಕಾಗದ ಬಂತು. ಅರ್ಥಶಾಸ್ತ್ರದ ಹುಡುಗನದು. “ಅಕ್ಕಾ, ಬ್ಯಾಂಕಲ್ಲಿ ಆರೇ ವಾರ ಇದ್ದೆ. ಈಗ ಬೆಟ್ಟದೂರಲ್ಲಿ ಚಿಕ್ಕಮ್ಮನ ಜೊತೆ ಬ್ರೆಡ್ ಮಾಡ್ತಿದೀನಿ. ಬ್ಯಾಂಕು ಬಿಟ್ಟಿದ್ದು ಅಪ್ಪನಿಗೂ ಹೇಳಿರಲಿಲ್ಲ. ಪುಸ್ತಿಕೇಲಿ ಓದಿ ಫೋನ್ ಮಾಡಿ ಬೈದರು. ನಿಮಗೆ ಯಾರು ಹೇಳಿದ್ದು?”

ಅವಳು ಅವನ ಸಾಲಿನಲ್ಲಿ ಬರೆದಿದ್ದದ್ದು, ‘ಬ್ಯಾಂಕು ಬಿಟ್ಟು, ಬೆಟ್ಟದೂರಿನಲ್ಲಿ ಚಿಕ್ಕಮ್ಮನ ಬ್ರೆಡ್ ಅಂಗಡಿ.’ ಅವನಿಗೊಬ್ಬ ಚಿಕ್ಕಮ್ಮ ಇದ್ದಾಳೆಂಬುದೇ ಅವಳಿಗೆ ತಿಳಿದಿರಲಿಲ್ಲ.

ಆ ಕಾಗದವನ್ನು ಅವಳು ಮೇಲಿನ ಮಹಡಿಗೆ ತಂದಳು. ಲೈಬ್ರರಿಯವಳು ಓದಿ ನಕ್ಕಳು. “ಅವನೇ ಯಾವತ್ತೋ ಬಾಯಿಬಿಟ್ಟಿರ್ತಾನೆ, ನೀನು ಮರೆತಿದೀಯ. ದಿನಾ ನೂರು ಜನರ ಹತ್ರ ಹರಟೆ ಹೊಡೆಯೋಳು ನೀನು.” ರೆಕಾರ್ಡಕ್ಕ ನಗಲಿಲ್ಲ. ಉಳಿದ ನಾಲ್ವರಲ್ಲಿ ಮೂವರ ಸುದ್ದಿ ಒಂದೊಂದಾಗಿ ಬಂತು. ಮೂರೂ ಸರಿಯಾಗಿದ್ದವು. ಅವತ್ತಿನಿಂದ ಅವಳು ಪೆನ್ಸಿಲನ್ನು ಮೇಜಿನ ಖಾನೆಯಲ್ಲಿಟ್ಟು ಮುಚ್ಚಿದಳು. ಆದರೆ ಹಿಂದಿನ ಮೂವತ್ತು ವರ್ಷದ ಕಾರ್ಡುಗಳ ಬೆನ್ನಿನ ಮೇಲೆ ಬರೆದದ್ದು ಬರೆದ ಹಾಗೇ ಇತ್ತು. ಮರುವರ್ಷ ಪ್ರಿನ್ಸಿಪಾಲರು ಮತ್ತೆ ಒತ್ತಾಯ ಮಾಡಿದಾಗ, ಹನ್ನೊಂದು ಸಾಲುಗಳನ್ನು ಅವಳು ಕಾರ್ಡಿನ ಬೆನ್ನಿನಿಂದಲೇ ಇಳಿಸಿದಳು. ಮನಸ್ಸಿಲ್ಲದ ಮನಸ್ಸಿನಿಂದ, ಆದರೂ ಇಳಿಸಿದಳು.

ಆ ವರ್ಷವೂ ತತ್ವಶಾಸ್ತ್ರಕ್ಕೆ ನಾಲ್ಕೇ ಜನ. ಅದರ ನಾಲ್ಕನೆಯ ಸಾಲೂ ಹನ್ನೊಂದರಲ್ಲಿ ಒಂದು.

ಪುಸ್ತಿಕೆ ಅಂಚೆಗೆ ಹೋಗಿ ಹತ್ತು ದಿನವಾಗಿತ್ತು. ಬೆಳಿಗ್ಗೆ ಹತ್ತೂವರೆಗೆ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಳು. ಐವತ್ತರ ಆಸುಪಾಸು. ಕುತ್ತಿಗೆಗೆ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯುವುದನ್ನು ಮರೆತು ಬಂದಿದ್ದಳು. ಬಟ್ಟೆ ಹೊಲಿಯುವವಳು. ಕೈಯಲ್ಲಿ ಪುಸ್ತಿಕೆ, ಹಾಳೆಯೊಂದರ ತುದಿ ಮಡಚಿದ್ದು.

“ಮೇಡಂ, ಇದು ನಮ್ಮ ಮಗಳ ಹೆಸರಿಗೆ ಬಂತು. ಅವಳ ಕ್ಲಾಸಲ್ಲಿ ಫಿಲಾಸಫಿ ನಾಲ್ಕೇ ಜನ. ಉಳಿದ ಮೂವರನ್ನ ನಾನು ಬಲ್ಲೆ, ಮೂವರಿಗೂ ಫೋನ್ ಮಾಡಿ ಕೇಳ್ದೆ. ಒಬ್ಬ ಕಾನೂನು ಓದ್ತಿದಾನೆ, ಒಬ್ಬಳು ಸ್ಕೂಲಲ್ಲಿದಾಳೆ, ಒಬ್ಬ ಎಂ.ಎ. ಮಾಡ್ತಿದಾನೆ. ಹಾಗಾದ್ರೆ ಈ ನಾಲ್ಕನೇದು ನಮ್ಮವಳೇ ಅಲ್ವಾ?”

ಬೆರಳಿಟ್ಟ ಜಾಗದಲ್ಲಿ ಹೀಗಿತ್ತು: ‘ಕಡಲ ತೀರದ ಊರೊಂದರಲ್ಲಿ ಹಳೆಯ ದಾಖಲೆಗಳ ಕಚೇರಿಯಲ್ಲಿ ಸಹಾಯಕಿ.’

“ಇರಬಹುದು,” ಎಂದಳು ರೆಕಾರ್ಡಕ್ಕ.

“ಯಾವ ಊರು ಮೇಡಂ? ಅವಳು ಮನೆ ಬಿಟ್ಟು ಹತ್ತು ತಿಂಗಳಾಯ್ತು. ಪೊಲೀಸರು ಹುಡುಕಿದ್ರು, ನಾವೂ ಹುಡುಕಿದ್ವಿ. ಬದುಕಿದಾಳೋ ಇಲ್ವೋ ಅನ್ನೋದೂ ಗೊತ್ತಿರಲಿಲ್ಲ. ನಿಮಗೆ ಉತ್ತರ ಬರೆದಿದಾಳೆ ಅಂದ್ರೆ ವಿಳಾಸ ಇರಬೇಕಲ್ಲ.”

ಆ ಕ್ಷಣದಲ್ಲೇ ನಿಜ ಹೇಳಿಬಿಡಬೇಕಿತ್ತು. ಹತ್ತು ತಿಂಗಳ ಮೇಲೆ ಮೊದಲ ಸಲ ಬೆಳಗಾದಂತಿದ್ದ ಆ ಮುಖದ ಮೇಲೆ ಬಾಗಿಲು ಮುಚ್ಚುವುದು ಹೇಗೆ? “ಹುಡುಕಿ ನೋಡ್ತೀನಮ್ಮ, ನಾಳೆ ಬನ್ನಿ,” ಎಂದಳು.

ಹೆಂಗಸು ಹೋದ ಮೇಲೆ ಅವಳಿಗೆ ಆ ಹುಡುಗಿಯ ನೆನಪಾಯಿತು. ಆರಿಸುವ ವಾರದ ಕೊನೆಯ ದಿನ, ಕೊನೆಯವಳಾಗಿ ಬಂದಿದ್ದಳು. ತತ್ವಶಾಸ್ತ್ರ ಎಂದು ಬರೆದು, ಪೆನ್ನು ಮುಚ್ಚಿ, ಕಪಾಟುಗಳನ್ನೇ ನೋಡುತ್ತಾ ಕೂತಳು.

“ಮನೇಲಿ ಹೇಳಿದೀಯೇನಮ್ಮ?”

“ಹೇಳಿದ್ರೆ, ಇನ್ನೂ ಎಷ್ಟು ಯೋಚನೆ ಮಾಡ್ತೀಯೇ ಅಂತಾಳೆ ಅಮ್ಮ.” ಆಮೇಲೆ, “ಈ ಕಪಾಟಲ್ಲಿ ಎಷ್ಟು ಜನ ಇದಾರೆ ಅಕ್ಕಾ?”

“ಒಂಬತ್ತು ಸಾವಿರ ಚಿಲ್ಲರೆ.”

“ಯಾರೂ ಹೊರಗೆ ಬರೋ ಹಾಗಿಲ್ವಾ?”

ರೆಕಾರ್ಡಕ್ಕ ಆ ಮಾತಿಗೆ ನಕ್ಕಿದ್ದಳು. ಈಗ ಎದ್ದು ಕಪಾಟು ತೆಗೆದು, ಆ ಕಾರ್ಡು ಹುಡುಕಿ ತಿರುಗಿಸಿದಳು. ಅಚ್ಚಿಗೆ ಕಳಿಸಿದ ಸಾಲು ಅಲ್ಲೇ ಇತ್ತು. ಅದರ ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿ, ಅವಳು ಬರೆದದ್ದೇ ನೆನಪಿಲ್ಲದ ಮಾತುಗಳಿದ್ದವು. ಒಂದು ಊರಿನ ಹೆಸರು. ಎರಡನೆಯ ಮಹಡಿ. ಒಡೆದ ಕಿಟಕಿಗೆ ನೀಲಿ ಕಾಗದ.

ಅವಳು ಕಾರ್ಡು ಹಿಡಿದು ಮೇಲೆ ಓಡಿದಳು. ಲೈಬ್ರರಿಯವಳು ಕನ್ನಡಕ ಏರಿಸಿ ಎರಡು ಸಲ ನೋಡಿದಳು.

“ನಿನ್ನ ಅಕ್ಷರನೇ.”

“ಪುಸ್ತಿಕೆಗೆ ಇಳಿಸುವಾಗ ಇದು ಇರಲಿಲ್ಲ ಕಣೆ. ಇದ್ದಿದ್ರೆ ನನ್ನ ಕಣ್ಣಿಗೆ ಬೀಳ್ತಿರಲಿಲ್ವಾ?”

“ಸಣ್ಣ ಅಕ್ಷರ. ಬಿದ್ದಿರಲಿಕ್ಕಿಲ್ಲ.” ಲೈಬ್ರರಿಯವಳು ಕಾರ್ಡನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು. ಹಾಗೆ ತೆಗೆದುಕೊಂಡದ್ದು ಇಬ್ಬರಿಗೂ ಕಾಣಿಸಿತು. “ನಾಳೆ ಆ ಹೆಂಗಸಿಗೆ ನಿಜ ಹೇಳು. ಊಹೆ ಮಾಡಿ ಬರೆದೆ ಅಂತ. ಬೈದರೆ ಬೈಸಿಕೋ. ಆ ತಾಯಿಗೆ ಆಸೆ ಹುಟ್ಟಿಸಬೇಡ.”

ಮರುದಿನ ಅವಳು ನಿಜ ಹೇಳಿದಳು. ಬಾಗಿಲು ಹಾಕಿ, ಹೆಂಗಸನ್ನು ಸ್ಟೂಲಿನ ಮೇಲೆ ಕೂರಿಸಿ, ಎಲ್ಲವನ್ನೂ. ಉತ್ತರ ಬಂದಿರಲಿಲ್ಲ, ಫೋನು ಯಾರೂ ಎತ್ತಲಿಲ್ಲ, ತಾನೇ ಮನಸ್ಸಿಗೆ ಬಂದದ್ದು ಬರೆದೆ, ತಪ್ಪಾಯಿತು. ಹೆಂಗಸು ಕೇಳುತ್ತಾ ಕೇಳುತ್ತಾ ಮೇಜಿನ ಮೇಲಿದ್ದ ಕಾರ್ಡನ್ನು ಎತ್ತಿಕೊಂಡಳು. ಮಗಳ ಸಹಿಯ ಮೇಲೆ ಬೆರಳಾಡಿಸಿದಳು. ತಿರುಗಿಸಿದಳು. ಬಹಳ ಹೊತ್ತು ಓದಿದಳು.

“ಊಹೆ ಅಂತೀರಿ. ಕಿಟಕಿಗೆ ಯಾವ ಬಣ್ಣದ ಕಾಗದ ಅಂತ ಯಾರಾದ್ರೂ ಊಹೆ ಮಾಡ್ತಾರಾ?”

ರೆಕಾರ್ಡಕ್ಕ ಕಾರ್ಡಿಗಾಗಿ ಕೈ ಚಾಚಿದಳು. “ಹೋಗಬೇಡಿ ಅಮ್ಮ, ಅಲ್ಲಿ ಏನೂ ಇರಲ್ಲ,” ಎಂದಳು. ಹೆಂಗಸು ಆಗಲೇ ಎದ್ದಾಗಿತ್ತು.

ಐದು ದಿನ ಕಳೆದ ಮೇಲೆ ಅವಳು ಮರಳಿ ಬಂದಳು. ಮಾತಿಲ್ಲದೆ ಒಂದು ಬಟ್ಟೆಯ ಕೈಚೀಲವನ್ನು ಮೇಜಿನ ಮೇಲಿಟ್ಟು, ಅದರ ಬಾಯಿ ಅಗಲಿಸಿ ತೋರಿಸಿದಳು.

“ಒಳಗಿನ ಹೊಲಿಗೆ ನಂದು. ಎರಡು ಸಲ ತಿರುಗಿಸಿ ಹೊಲೆಯೋದು ನಮ್ಮ ಬೀದೀಲಿ ನಾನೊಬ್ಬಳೇ.”

ಊರು ಇತ್ತು. ಕಚೇರಿಯಿತ್ತು, ಮೀನು ಹರಾಜಿನ ಕಟ್ಟೆಯ ಹಿಂದೆ. ಎರಡನೆಯ ಮಹಡಿಯಲ್ಲಿ ಒಡೆದ ಕಿಟಕಿ, ಅದಕ್ಕೆ ಅಂಟಿಸಿದ ನೀಲಿ ಕಾಗದ. ಹುಡುಗಿ ಅಲ್ಲಿ ಒಂಬತ್ತು ತಿಂಗಳು ಕೆಲಸ ಮಾಡಿದ್ದಳು. ಒಳ್ಳೆಯ ಹುಡುಗಿ, ಮಾತು ಕಡಿಮೆ, ತನ್ನ ಬಗ್ಗೆ ಯಾರು ಕೇಳಿದರೂ ಹೇಳಬೇಡಿ ಎಂದು ಮೊದಲೇ ಮಾತು ತೆಗೆದುಕೊಂಡಿದ್ದಳು ಎಂದರು ಅಲ್ಲಿಯ ಮುಖ್ಯಸ್ಥರು. ಅಚ್ಚಾದ ಎಲ್ಲ ಬಗೆಯ ಪುಸ್ತಕಗಳ ಒಂದೊಂದು ಪ್ರತಿ ಅಂಥ ಕಚೇರಿಗಳಿಗೆ ಹೋಗುವುದು ವಾಡಿಕೆ. ಬಂದ ಕಟ್ಟುಗಳನ್ನು ಬಿಚ್ಚಿ ಪಟ್ಟಿಗೆ ಸೇರಿಸುವುದೇ ಅವಳ ಕೆಲಸ. ಒಂದು ಬೆಳಿಗ್ಗೆ ಅವಳು ಕಟ್ಟು ಬಿಚ್ಚಿದಾಗ ‘ಪದವಿಯ ನಂತರ’ ಕೈಗೆ ಬಂತು.

“ತನ್ನ ಕಾಲೇಜಲ್ವಾ ಅಂತ ತೆಗೆದು ನೋಡಿದಾಳೆ,” ಎಂದಳು ತಾಯಿ. “ಅದರಲ್ಲಿ ತಾನೇ ಇದಾಳೆ. ಯಾರಿಗೂ ಹೇಳದೆ ಬಂದು ಕೂತಿದಾಳೆ, ತಾನು ಕೂತಿರೋ ಕುರ್ಚಿನೇ ಅಚ್ಚಾಗಿ ಬಂದಿದೆ. ಮುಖ ಬಿಳಿಚಿಕೊಂಡು ಎದ್ದಳಂತೆ. ಯಾರೋ ನನ್ನನ್ನ ನೋಡ್ತಿದಾರೆ ಅಂದಳಂತೆ. ಚೀಲನೂ ತಗೊಳ್ಳದೆ ಹೋಗಿಬಿಟ್ಟಳು. ನಾನು ಹೋಗೋಕೆ ನಾಲ್ಕು ದಿನ ಮುಂಚೆ.”

ಮೆಟ್ಟಿಲ ಮೇಲೆ ತರಗತಿ ಬಿಟ್ಟ ಹುಡುಗರ ಹೆಜ್ಜೆಗಳು ತಲೆಯ ಮೇಲೇ ನಡೆದಂತೆ ದಡದಡ ಹಾದುಹೋದವು.

ಆಮೇಲೆ ತಾಯಿ ಕೈ ಮುಂದೆ ಚಾಚಿ, ಮೇಜಿನ ಖಾನೆ ಎಳೆದು, ಪೆನ್ಸಿಲು ತೆಗೆದು ರೆಕಾರ್ಡಕ್ಕನ ಮುಂದಿಟ್ಟಳು. ಅದು ಆ ಖಾನೆಯಲ್ಲಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಈಗ ಎಲ್ಲಿದಾಳೆ, ಬರೀರಿ ಅಕ್ಕಾ.”

ಮೇಡಂ ಎನ್ನುವುದು ಹೋಗಿ ಅಕ್ಕ ಬಂದಿತ್ತು. ಅದೇ ಹೆಚ್ಚು ಭಾರವಾಯಿತು.

“ನನಗೆ ಗೊತ್ತಿಲ್ಲಮ್ಮ.”

“ಆಗಲೂ ಗೊತ್ತಿರಲಿಲ್ಲ ಅಂದ್ರಿ, ಆದರೂ ಬರೆದಿದ್ರಿ. ಬರೆದದ್ದು ಇತ್ತು. ನೀವು ಬರೆದದ್ದಕ್ಕೆ ಅವಳು ಅಲ್ಲಿದ್ದಳೋ, ಅವಳು ಅಲ್ಲಿದ್ದದ್ದಕ್ಕೆ ನೀವು ಬರೆದ್ರೋ, ನನಗದು ಬೇಕಾಗಿಲ್ಲ. ‘ಮನೆಗೆ ಬಂದಳು’ ಅಂತ ಬರೆದುಬಿಡಿ. ಎರಡೇ ಮಾತು.”

ರೆಕಾರ್ಡಕ್ಕ ಪೆನ್ಸಿಲಿನ ಕಡೆ ನೋಡಿದಳು. ಆಮೇಲೆ ಗೆಳತಿಗೆ ಅವಳು ಹೇಳಿದ್ದು ಇಷ್ಟು: ಬೆರಳುಗಳಲ್ಲಿ ಒಂದು ಸಾಲು ಆಗಲೇ ಬಂದು ನಿಂತಿತ್ತು. ಕೈ ಮರಗಟ್ಟಿ ಮತ್ತೆ ಎಚ್ಚರವಾಗುವಾಗ ಜುಮುಗುಡುತ್ತದಲ್ಲ, ಹಾಗೆ. ಆ ಸಾಲು ‘ಮನೆಗೆ ಬಂದಳು’ ಎಂಬುದಾಗಿರಲಿಲ್ಲ. ಅದು ಒಂದು ವಿಳಾಸ. ಬರೆದುಕೊಟ್ಟರೆ ಈ ತಾಯಿ ನಾಳೆಯೇ ಬಸ್ಸು ಹತ್ತುತ್ತಾಳೆ. ಬಾಗಿಲು ತಟ್ಟುತ್ತಾಳೆ. ಒಳಗಿರುವ ಹುಡುಗಿಗೆ ಆಗ ತಿಳಿಯುತ್ತದೆ, ತಾನು ಎಲ್ಲಿಗೆ ಹೋದರೂ ಒಂದು ಕಣ್ಣು ತನಗಿಂತ ಮುಂಚೆ ಅಲ್ಲಿಗೆ ಹೋಗಿ ಕೂತಿರುತ್ತದೆ ಎಂದು. ಹಾಗೆ ತಿಳಿದವಳು ಮತ್ತೆ ಎಲ್ಲಿ ನಿಲ್ಲುತ್ತಾಳೆ?

ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು, ಪೆಟ್ಟು ತಿನ್ನುವ ಮಗುವಿನ ಹಾಗೆ.

“ಬರೆಯಲ್ಲಮ್ಮ. ನಾನು ಬರೆದ್ರೆ ಅವಳು ಓಡ್ತಾಳೆ. ಒಂದು ಸಲ ಓಡಿಸಿದ್ದು ನಾನೇ.”

“ಬರೆಯದಿದ್ರೆ?” ತಾಯಿಯ ದನಿ ಇಳಿಯಿತು. “ಬರೆಯದಿದ್ರೆ ಅವಳು ಎಲ್ಲಾದ್ರೂ ಇರ್ತಾಳಾ?”

ಆ ಪ್ರಶ್ನೆಯನ್ನು ರೆಕಾರ್ಡಕ್ಕ ಕೊನೆಯವರೆಗೂ ಮರೆಯಲಿಲ್ಲ.

ಪುಸ್ತಿಕೆಯಲ್ಲಿ ಏನಾದರೂ ತಪ್ಪು ನುಸುಳಿದರೆ, ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ, ಪುಸ್ತಿಕೆ ಹೋದಲ್ಲೆಲ್ಲ ಕಳಿಸುವ ರೂಢಿಯಿತ್ತು. ಸಾಮಾನ್ಯವಾಗಿ ಫೋನ್ ನಂಬರು, ಮೇಷ್ಟ್ರೊಬ್ಬರ ಪದವಿ, ಅಂಥದ್ದು. ಅದಕ್ಕೆ ಪ್ರಿನ್ಸಿಪಾಲರ ಸಹಿ ಬೇಕಿರಲಿಲ್ಲ, ಅವಳದೇ ಸಾಕಿತ್ತು. ಆ ವಾರ ಅವಳು ಅಚ್ಚಿನ ಮನೆಗೆ ಕಳಿಸಿದ ಚೀಟಿ ಹೀಗಿತ್ತು:

‘ಈ ವರ್ಷದ ಪುಸ್ತಿಕೆಯಲ್ಲಿ ಹನ್ನೊಂದು ಸಾಲುಗಳು ವಿದ್ಯಾರ್ಥಿಗಳು ತಿಳಿಸಿದವಲ್ಲ, ಕಚೇರಿಯಲ್ಲಿ ಊಹಿಸಿ ಬರೆದವು. ತತ್ವಶಾಸ್ತ್ರದ ನಾಲ್ಕನೆಯ ಸಾಲು ಅವುಗಳಲ್ಲಿ ಒಂದು. ಆ ವಿದ್ಯಾರ್ಥಿನಿಯನ್ನು ಯಾರೂ ನೋಡುತ್ತಿಲ್ಲ. ಅವರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ. ತಿಳಿಸಲು ಇಷ್ಟವಿದ್ದರೆ ಈ ಕೋಣೆಗೆ ಫೋನ್ ಮಾಡಬಹುದು. ಅವರ ತಾಯಿ ಕೇಳಿದ್ದಾರೆ.’

ಆರುನೂರ ಹನ್ನೆರಡು ಚೀಟಿಗಳು. ಎರಡು ಮಧ್ಯಾಹ್ನ ಇಬ್ಬರು ಗೆಳತಿಯರೂ ಲೈಬ್ರರಿಯ ಉದ್ದದ ಮೇಜಿನ ಮೇಲೆ ಕೂತು ಮಡಚಿ ಲಕೋಟೆಗೆ ಹಾಕಿದರು. ಲೈಬ್ರರಿಯವಳು ಪಟ್ಟಿ ಓದುವುದು, ಅವಳು ವಿಳಾಸ ಬರೆಯುವುದು. ಪಟ್ಟಿ ಮುಗಿಯಿತು. ರೆಕಾರ್ಡಕ್ಕ ಇನ್ನೊಂದು ಲಕೋಟೆ ಎಳೆದುಕೊಂಡು, ತಲೆ ಎತ್ತದೆ, ಒಂದೇ ಉಸಿರಿಗೆ ಒಂದು ವಿಳಾಸ ಬರೆದಳು. ಯಾವುದೋ ಸಣ್ಣ ಊರಿನ ಶಾಲೆಯ ವಾಚನಾಲಯ.

“ಇದು ಪಟ್ಟೀಲಿ ಇಲ್ವಲ್ಲೇ?”

“ಇರಲಿ. ಹಾಕು.”

“ಇದು ಯಾವ ಊರು?”

“ನನಗೂ ಗೊತ್ತಿಲ್ಲ ಕಣೆ. ಸುಮ್ಮನೆ ಅಂಟು ಹಚ್ಚು.” ಅವಳ ಹಣೆ ಬೆವತಿತ್ತು. ಲೈಬ್ರರಿಯವಳು ಅಂಟು ಹಚ್ಚಿದಳು.

ಪ್ರಿನ್ಸಿಪಾಲರು ಕೂಗಾಡಿದರು. ಊಹೆ ಅಂತ ಅಚ್ಚು ಹಾಕಿಸಿ ಊರೆಲ್ಲ ಹಂಚುತ್ತಾರಾ, ಕಾಲೇಜಿನ ಮಾನ ಹರಾಜಾಯಿತು, ಇನ್ನು ಎಕನಾಮಿಕ್ಸ್ ಬಿಟ್ಟು ಬೇರೆ ಯಾವುದಕ್ಕೂ ಯಾರು ಮಕ್ಕಳನ್ನ ಸೇರಿಸ್ತಾರೆ. “ಎಕನಾಮಿಕ್ಸಿನೋರಲ್ಲೂ ಮೂರು ಜನ ಊಹೆಯೋರೇ ಸರ್,” ಎಂದಳು ಅವಳು. ಪುಸ್ತಿಕೆಯ ಕೆಲಸವನ್ನು ಅವಳಿಂದ ಕಿತ್ತುಕೊಂಡರು. ಕೋಣೆಯನ್ನೂ ಕಾರ್ಡುಗಳನ್ನೂ ಯಾರೂ ಕೇಳಲಿಲ್ಲ, ಅಲ್ಲಿ ಕೂರಲು ಬೇರೆ ಯಾರಿಗೂ ಮನಸ್ಸಿರಲಿಲ್ಲ.

ತಾಯಿ ಪ್ರತಿ ಶುಕ್ರವಾರ ಅಂಗಡಿ ಬೇಗ ಮುಚ್ಚಿ ಬರತೊಡಗಿದಳು. ನಾಲ್ಕು ಗಂಟೆಗೆ ಬಂದು ಸ್ಟೂಲಿನ ಮೇಲೆ ಕೂತು, ಐದರವರೆಗೆ ಇರುವಳು. ಮೊದಲೆರಡು ವಾರ ಮತ್ತೆ ಮತ್ತೆ ಬೇಡಿದಳು. ಒಂದು ಸಲ ಸಿಟ್ಟಾಗಿ, “ನಿಮಗೂ ಮಕ್ಕಳಿದ್ದಿದ್ರೆ ತಿಳೀತಿತ್ತು,” ಎಂದಳು. ಹೇಳಿದ ಮೇಲೆ ತಾನೇ ಅತ್ತಳು. ಆಮೇಲೆ ಬೇಡುವುದನ್ನು ಬಿಟ್ಟಳು. ಲೈಬ್ರರಿಯವಳು ಚಹಾ ತರುವಳು, ಮೂವರೂ ಕುಡಿಯುವರು. ತಾಯಿ ಚೀಲದಿಂದ ಯಾರದೋ ಅಂಗಿ ತೆಗೆದು ಕಾಜಾ ಹೊಲಿಯುತ್ತಾ ಕೂರುವಳು. ಹುಡುಗಿ ಎಲ್ಲಿದ್ದಾಳೆಂದು ರೆಕಾರ್ಡಕ್ಕನಿಗೆ ಗೊತ್ತಿತ್ತು, ಗೊತ್ತಿದ್ದೂ ಹೇಳುತ್ತಿರಲಿಲ್ಲ. ಆ ಒಂದು ಗಂಟೆ ಅವಳು ಕೈಗಳನ್ನು ಮೇಜಿನ ಮೇಲೆ ಇಡುತ್ತಲೇ ಇರಲಿಲ್ಲ. “ನಾನು ಮಾಡ್ತಿರೋದು ಪಾಪ ಇದ್ರೂ ಇರಬಹುದು,” ಎಂದು ಗೆಳತಿಯ ಹತ್ತಿರ ಅಂದಿದ್ದಳು. “ಆ ಹುಡುಗಿ ಫೋನ್ ಮಾಡದೇ ಹೋದ್ರೆ, ನಾನು ತಾಯಿ ಮಗಳ ನಡುವೆ ಗೋಡೆ ಕಟ್ಟಿದ ಹಾಗೇ.”

ಏಳನೆಯ ವಾರ, ಒಂದು ಬುಧವಾರ ಮಧ್ಯಾಹ್ನ, ಫೋನು ಬಂತು. ಲೈಬ್ರರಿಯವಳು ಆಗ ಅಲ್ಲೇ ಇದ್ದಳು, ಗುಂಯ್ ಎನ್ನುತ್ತಿದ್ದ ಟ್ಯೂಬ್‌ಲೈಟಿನ ಕೆಳಗೆ. ಆ ಕಡೆಯಿಂದ ಮೊದಲು ಕೇಳಿಸಿದ್ದು ದೂರದಲ್ಲಿ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುವ ಸದ್ದು. ರೆಕಾರ್ಡಕ್ಕ ರಿಸೀವರನ್ನು ಕಿವಿಯಿಂದ ಸ್ವಲ್ಪ ಸರಿಸಿ ಹಿಡಿದಳು, ಗೆಳತಿಗೂ ಕೇಳುವಂತೆ.

“ಈ ಚೀಟಿ ಕಳಿಸಿದ್ದು ನೀವಾ?”

“ನಾನೇ ಕಣಮ್ಮ.”

“ಇದು ಇಲ್ಲಿಗೆ ಹೇಗೆ ಬಂತು?”

“ಆರುನೂರು ಕಡೆ ಕಳಿಸಿದೀವಿ. ಎಲ್ಲಿ ನೋಡಿದ್ರೂ ಅದೇ ಇರುತ್ತೆ ಈಗ. ಪ್ರಿನ್ಸಿಪಾಲರು ನನ್ನ ಜೀವ ತಿಂದಿದಾರೆ.”

ಮಗ್ಗಿಯ ನಡುವೆ ಹುಡುಗಿ ಚೀಟಿ ಬಿಡಿಸಿದ ಸದ್ದು ಕೇಳಿಸಿತು.

“ಆಗ ಬರೆದಿದ್ದು ಊಹೆನಾ? ನಿಜವಾಗಲೂ?”

“ಊಹೆನೇ. ಫಿಲಾಸಫಿ ಓದಿದೋರು ಹಳೇ ಕಾಗದದ ಹತ್ರ ಹೋಗ್ತಾರೆ. ಕಾಲೇಜು ನೋಡಿದೋರಿಗೆ ಅಷ್ಟು ಗೊತ್ತಾಗುತ್ತೆ.”

“ಈಗ ನಾನೆಲ್ಲಿದೀನಿ ಅಂತ ನಿಮಗೆ ಗೊತ್ತಾ?”

ರೆಕಾರ್ಡಕ್ಕ ಕಣ್ಣು ಮುಚ್ಚಿಕೊಂಡಳು. ಆಗ ಅವಳಿಗೆ ಕಂಡದ್ದನ್ನು ಆಮೇಲೆ ಗೆಳತಿಗೆ ಹೇಳಿದಳು. ಹಳದಿ ಬಣ್ಣದ ಬಾಗಿಲು. ಅದರ ಮೇಲೆ ಮಕ್ಕಳ ಕೈಯ ಗುರುತು. ಫೋನಿನ ಪಕ್ಕ ಮುಚ್ಚಳವಿಲ್ಲದ ಶಾಯಿ ಬಾಟಲಿ, ಹುಡುಗಿಯ ಮೊಣಕೈ ತಗುಲಿ ಇನ್ನೇನು ಬೀಳುವಂತಿತ್ತು. ‘ಬಾಟಲಿ ಸರಿಸು’ ಎಂಬ ಮಾತು ಬಾಯಿಯವರೆಗೆ ಬಂತು.

“ಗೊತ್ತಿಲ್ಲಮ್ಮ,” ಎಂದಳು. “ನನಗೆ ಹೇಗೆ ಗೊತ್ತಾಗುತ್ತೆ?”

ಆ ಕಡೆ ಏನೋ ಉರುಳಿದ ಸದ್ದು, ಒಂದು ‘ಅಯ್ಯೋ’. ಆಮೇಲೆ ಹುಡುಗಿ ನಕ್ಕಳು. ಬಹಳ ದಿನ ನಗದವರ ನಗು, ಅರ್ಧಕ್ಕೆ ನಿಂತದ್ದು. “ಅಮ್ಮ ಬೈದಳಾ?”

“ನನ್ನನ್ನ ಬೈದಳು. ನಿನ್ನನ್ನ ಬೈದದ್ದು ನಾನು ಕೇಳಿಲ್ಲ.”

“ನಾನು ಯೋಚನೆ ಮಾಡ್ತೀನಿ. ನೀವು ಅವಳಿಗೆ ಏನೂ ಹೇಳಬೇಡಿ. ನಾನು ಹೋಗೋದಾದ್ರೆ ನಾನಾಗೇ ಹೋಗಬೇಕು.”

“ಹೇಳಲ್ಲ.”

ಆ ಶುಕ್ರವಾರ ತಾಯಿ ಬಂದಳು. “ಏನಾದ್ರೂ ಸುದ್ದಿ?” ಎಂದಳು, ಎಂದಿನ ಅಭ್ಯಾಸದಂತೆ. “ಏನೂ ಇಲ್ಲಮ್ಮ,” ಎಂದಳು ರೆಕಾರ್ಡಕ್ಕ. ಲೈಬ್ರರಿಯವಳು ಲೋಟ ಕೆಳಗಿಟ್ಟಳು. ಮುಂದಿನ ಶುಕ್ರವಾರವೂ ಹಾಗೇ ಆಯಿತು. ಅವತ್ತು ತಾಯಿ ಹೋದ ಮೇಲೆ ರೆಕಾರ್ಡಕ್ಕ ಮೊದಲ ಸಲ ತಲೆ ಮೇಜಿಗಿಟ್ಟು ಅತ್ತಳು. ಕೈ ಏನಾದರೂ ಹೇಳುತ್ತಿದೆಯೇ ಎಂದು ಗೆಳತಿ ಕೇಳಿದಳು. “ಏನೂ ಹೇಳ್ತಿಲ್ಲ ಕಣೆ. ಫೋನ್ ಇಟ್ಟಾಗಿಂದ ಖಾಲಿ. ನನಗೆ ನಿಜವಾಗಲೂ ಗೊತ್ತಿಲ್ಲ ಈಗ.”

ಅದರ ಮುಂದಿನ ಶುಕ್ರವಾರ ಇಬ್ಬರೂ ಕಾದರು. ನಾಲ್ಕಾಯಿತು. ಸ್ಟೂಲು ಹಾಗೇ ಇತ್ತು. ಮೂರು ಲೋಟ ಚಹಾದಲ್ಲಿ ಒಂದು ತಣ್ಣಗಾಗಿ ಕೆನೆಗಟ್ಟಿತು. ನಾಲ್ಕೂವರೆ, ನಾಲ್ಕೂ ಮುಕ್ಕಾಲು. ಮೆಟ್ಟಿಲ ಮೇಲೆ ಯಾವುದೇ ಹೆಜ್ಜೆ ಕೇಳಿದರೂ ರೆಕಾರ್ಡಕ್ಕ ಕತ್ತೆತ್ತಿ ನೋಡುವಳು, ಅದು ಮುಂದೆ ಹೋಗುವವರೆಗೆ ಉಸಿರು ಬಿಡುವುದಿಲ್ಲ. ಯಾರಾದರೂ ಬರಲಿ ಎಂದು ಕಾಯುವವರ ಮುಖ ಹೇಗಿರುತ್ತದೆಂದು ಲೈಬ್ರರಿಯವಳಿಗೆ ಗೊತ್ತಿತ್ತು. ಮಗಳು ಮನೆಗೆ ಬಂದಿದ್ದರೆ ತಾಯಿ ಇಲ್ಲಿಗೆ ಬರಬೇಕಾಗಿಲ್ಲ. ಯಾರೂ ಬಾರದಿರಲಿ ಎಂದು ಕಾಯುವವರ ಮುಖವನ್ನು ಅವಳು ಕಂಡದ್ದು ಅವತ್ತೇ.

ಐದು ಹೊಡೆಯಿತು. ರೆಕಾರ್ಡಕ್ಕ ಎದ್ದು, ಸ್ಟೂಲನ್ನು ಎತ್ತಿ ಗೋಡೆಗೆ ಸೇರಿಸಿಟ್ಟಳು.

“ಬರಲಿಲ್ಲ,” ಎಂದಳು. ಅವಳ ಎರಡು ಕೈಗಳೂ ಬರಿದಾಗಿ, ಸುಮ್ಮನೆ, ಇಬ್ಬದಿಗೂ ಇಳಿಬಿದ್ದಿದ್ದವು.